ಹನ್ನೊಂದು ಟೇಕು, ಹನ್ನೊಂದು ಹಾಡು

ವಟವಟನಿಗೆ ತನ್ನ ದನಿಯೊಂದನ್ನು ಬಿಟ್ಟರೆ ಲೋಕದಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಇದು ಅವನಿಗಾಗದವರು ಹುಟ್ಟಿಸಿದ ಮಾತಲ್ಲ. ಹೆತ್ತ ತಾಯಿಯೇ ಹೇಳುತ್ತಿದ್ದ ಮಾತು, ಅವನೊಡನೆ ಎರಡು ವರ್ಷ ಸಿನಿಮಾ ಮಾಡಿ ಸುಸ್ತಾದವರೆಲ್ಲ ಒಪ್ಪಿದ ಮಾತು. ಎದುರಿಗಿದ್ದವರು ಕಾಲು ಮುರಿದುಕೊಂಡೆ ಎಂದರೆ ಅವನು ಅಯ್ಯೋ ಎನ್ನುವ ಬದಲು ಕಾಲಿಗೆ ಪ್ರಾಸ ಹುಡುಕುತ್ತಿದ್ದ. ಪಾಲು, ಸಾಲು, ಸೋಲು ಎಂದು ಚಿಟಿಕೆ ಹೊಡೆಯುತ್ತ ನಿಂತುಬಿಡುತ್ತಿದ್ದನೇ ಹೊರತು ನೋವು ತಿನ್ನುತ್ತಿದ್ದವರ ಮುಖವನ್ನು ನೋಡುತ್ತಿರಲಿಲ್ಲ. ಅವನನ್ನು ಕೆಟ್ಟವನು ಎನ್ನಲಾಗದು. ಕೆಟ್ಟವನಾಗುವುದಕ್ಕೂ ಇನ್ನೊಬ್ಬರ ಮೇಲೆ ಸ್ವಲ್ಪವಾದರೂ ಗಮನ ಬೇಕು.

ಈ ತೀರ್ಪನ್ನು ಆ ಗುಂಪಿನಲ್ಲಿ ಮೊದಲು ಕೊಟ್ಟವಳು ಕತ್ತರಿ. ಅದು ಗೆಳೆಯರಿಟ್ಟ ಹೆಸರು. ಮದುವೆ, ಶಾಲಾ ವಾರ್ಷಿಕೋತ್ಸವಗಳ ವಿಡಿಯೊ ತೆಗೆಯುವ ಒಂದು ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಅವಳು ಎಡಿಟಿಂಗ್ ಮಾಡುತ್ತಿದ್ದಳು. ಆಗ ಅವಳಿಗೆ ಇಪ್ಪತ್ತಮೂರು. ಕೋಣೆಗೆ ಕಿಟಕಿಯಿರಲಿಲ್ಲ. ಒಂದು ಮೇಜು, ಒಂದು ಕಂಪ್ಯೂಟರು, ಅದರ ಬಿಸಿ ಇಳಿಸಲು ಪಕ್ಕದಲ್ಲೊಂದು ಟೇಬಲ್ ಫ್ಯಾನು. ಫ್ಯಾನು ಕಂಪ್ಯೂಟರಿನ ಕಡೆಗೇ ತಿರುಗಿರಬೇಕು, ಮನುಷ್ಯರ ಕಡೆಗಲ್ಲ ಎಂದು ಸ್ಟುಡಿಯೊ ಮಾಲೀಕರ ಕಟ್ಟಪ್ಪಣೆ. ಈಗ ಅವಳಿಗೆ ನಲವತ್ತು ದಾಟಿದೆ. ಇಂದು ಟೀ ಲೋಟ ಕೆಳಗಿಡುವಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಅಂದು ಅರ್ಧ ದಿನ ಹಿಡಿಯುತ್ತಿತ್ತು. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಆಮೆಯ ಹಾಗೆ ತೆವಳುತ್ತಿತ್ತು. ಅದು ಬಲತುದಿ ಮುಟ್ಟುವವರೆಗೆ ಮಾತಾಡುವುದನ್ನು ಬಿಟ್ಟು ಮಾಡಲು ಬೇರೇನೂ ಇರಲಿಲ್ಲ. ಅವರ ಯೌವನದ ಒಳ್ಳೆಯ ಮಾತುಗಳೆಲ್ಲ ಆ ನೀಲಿ ಪಟ್ಟಿಯ ಮುಂದೆ ಕೂತು ಆಡಿದವೇ.

ಅವರು ಒಟ್ಟು ನಾಲ್ಕು ಮಂದಿ. ಕತೆ ಬರೆದವನಿಗೆ ಡೈರೆಕ್ಟರ್ ಎಂದೇ ಹೆಸರು. ಕ್ಯಾಮೆರಾ ಅವನ ಸೋದರಮಾವನದು, ಹಾಗಾಗಿ ಆ ಪದವಿಗೆ ಪೈಪೋಟಿ ಇರಲಿಲ್ಲ. ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದ ಹುಡುಗ ಕಿವಿ. ಹಳೆಯ ಪೊರಕೆ ಕೋಲಿಗೆ ಮೈಕು ಕಟ್ಟಿಕೊಂಡು, ತಲೆಗೆ ಹೆಡ್‌ಫೋನು ಹಾಕಿಕೊಂಡು ಅವನು ಓಡಾಡುತ್ತಿದ್ದರೆ ಜನ ಏನೋ ಅಳತೆ ಮಾಡಲು ಬಂದಿದ್ದಾನೆ ಎಂದುಕೊಂಡು ದಾರಿ ಬಿಡುತ್ತಿದ್ದರು. ಮೂರನೆಯವಳು ಕತ್ತರಿ. ನಾಲ್ಕನೆಯವನೇ ವಟವಟ.

ಅವನು ಅವರಿಗೆ ಸಿಕ್ಕಿದ್ದು ಮುಚ್ಚಿಹೋದ ಚಿತ್ರಮಂದಿರದ ಮೆಟ್ಟಿಲ ಮೇಲೆ. ಶನಿವಾರ ಸಂಜೆ ಅಲ್ಲಿ ಇಪ್ಪತ್ತು ಮೂವತ್ತು ಹುಡುಗ ಹುಡುಗಿಯರು ಸೇರುತ್ತಿದ್ದರು. ಯಾರೋ ಬ್ಯಾಟರಿ ಸ್ಪೀಕರು ತರುತ್ತಿದ್ದರು, ಯಾರೋ ಬಾಯಲ್ಲೇ ತಾಳ ಹಾಕುತ್ತಿದ್ದರು. ಸುತ್ತ ಗುಂಪು, ನಡುವೆ ಇಬ್ಬರು. ಒಬ್ಬ ಇನ್ನೊಬ್ಬನನ್ನು ಪ್ರಾಸಬದ್ಧವಾಗಿ ಬೈಯಬೇಕು, ಅವನು ತಾಳ ತಪ್ಪದೆ ತಿರುಗಿಸಿ ಕೊಡಬೇಕು. ರ್‍ಯಾಪ್ ಎಂಬ ಮಾತನ್ನು ಹಿರಿಯರು ಆಗಿನ್ನೂ ಮೂಗು ಮುರಿದೇ ಹೇಳುತ್ತಿದ್ದರು. ಟಿಕೆಟ್ ಕಿಟಕಿಯ ಮೇಲೆ ಹಳೆಯ ಪೋಸ್ಟರಿನ ಅಂಟು ಇನ್ನೂ ಉಳಿದಿತ್ತು. ಆ ಕಿಟಕಿಗೆ ಬೆನ್ನು ಕೊಟ್ಟು ನಿಂತು ವಟವಟ ಒಂದೇ ಉಸಿರಿಗೆ ಐದು ಮಂದಿಯನ್ನು ಮಣ್ಣು ಮುಕ್ಕಿಸಿದ್ದನ್ನು ಕತ್ತರಿ ಕಂಡಿದ್ದಳು. ಸಣಕಲು ದೇಹ, ಉದ್ದ ಕೈ, ಅರ್ಧಕ್ಕೆ ಮಡಚಿದ ಅಂಗಿ ತೋಳು. ಬೆರಳ ತುದಿಗಳು ಸದಾ ಸುಕ್ಕುಗಟ್ಟಿ ಬಿಳಿಚಿಕೊಂಡಿರುತ್ತಿದ್ದವು.

ಬೆರಳಿಗೆ ಕಾರಣ ಅವನ ಕೆಲಸ. ಹೋಟೆಲು, ಹಾಸ್ಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿಯಲ್ಲಿ ಅವನೂ ಅವನ ತಾಯಿಯೂ ದುಡಿಯುತ್ತಿದ್ದರು. ತಾಯಿ ಇಪ್ಪತ್ತು ವರ್ಷದಿಂದ ಅಲ್ಲಿದ್ದವಳು. ಒದ್ದೆ ಚಾದರದ ತೂಕವನ್ನು ಎತ್ತುವ ಮುಂಚೆ ಕಣ್ಣಲ್ಲೇ ಹೇಳಬಲ್ಲವಳು. ಮಾತು ಕಡಿಮೆ. ಮಗ ಖರ್ಚು ಮಾಡುವ ಮಾತನ್ನೆಲ್ಲ ಅವಳು ಉಳಿಸುತ್ತಿದ್ದಳೇನೋ. ಒಗೆಯುವ ಯಂತ್ರದ ದೊಡ್ಡ ಡ್ರಮ್ಮು ಧಗ್ ಧಗಾ ಧಗ್ ಎಂದು ಉರುಳುತ್ತಿದ್ದರೆ ವಟವಟ ಅದಕ್ಕೆ ಸರಿಯಾಗಿ ಸಾಲು ಕಟ್ಟುತ್ತಿದ್ದ. ಅವನ ತಾಳಜ್ಞಾನವೆಲ್ಲ ಆ ಯಂತ್ರದಿಂದ ಬಂದದ್ದು. ಡೈರೆಕ್ಟರ್ ಇದನ್ನು ಕಂಡದ್ದೇ ತಡ, ಕತೆ ಸಿದ್ಧವಾಯಿತು: ಲಾಂಡ್ರಿಯ ಹುಡುಗನೊಬ್ಬ ಹಾಡುಗಾರನಾಗುವ ಕತೆ. ನಡುವೆ ಒಂದು ಹಾಡು. ಹುಡುಗ ತಾಯಿಯೊಂದಿಗೆ ಚಾದರ ಮಡಚುತ್ತ ಹಾಡಬೇಕು. ಇಡೀ ಸಿನಿಮಾ ಆ ಹಾಡಿನ ಮೇಲೆ ನಿಂತಿತ್ತು.

ತಾಯಿಯ ಪಾತ್ರಕ್ಕೆ ತಾಯಿಯನ್ನೇ ಕೇಳಿದರು.

"ನಾನೇನು ಮಾಡ್ಬೇಕು?"

"ಏನೂ ಇಲ್ಲಮ್ಮ. ದಿನಾ ಮಾಡೋದನ್ನೇ ಮಾಡಿ. ಚಾದರ ಮಡಚಿ," ಅಂದ ಡೈರೆಕ್ಟರ್.

"ಅವನೇನು ಮಾಡ್ತಾನೆ?"

"ಅವನು ಹಾಡ್ತಾನೆ."

"ಅಂದ್ರೆ ಇಬ್ರೂ ದಿನಾ ಮಾಡೋದೇ," ಎಂದು ಅವಳು ಒಪ್ಪಿಕೊಂಡಳು.

ಲಾಂಡ್ರಿಗೆ ರಜೆಯಿದ್ದ ಒಂದು ಭಾನುವಾರ ಚಿತ್ರೀಕರಣ ನಡೆಯಿತು. ಇದ್ದದ್ದು ಒಂದೇ ಕ್ಯಾಮೆರಾ. ಹಾಗಾಗಿ ಅದೇ ಹಾಡನ್ನು ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ತಾಯಿಯ ಬೆನ್ನ ಹಿಂದಿನಿಂದ ಒಮ್ಮೆ, ಹೀಗೆ ಮತ್ತೆ ಮತ್ತೆ ತೆಗೆದರು. ಆಮೇಲೆ ಎಲ್ಲವನ್ನೂ ಬೆಸೆಯುವುದು ಕತ್ತರಿಯ ಪಾಲಿಗೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹನ್ನೊಂದು ಟೇಕು. ಪ್ರತಿ ಸಲವೂ ವಟವಟ ಮೈದುಂಬಿ ಹಾಡಿದ. ಪ್ರತಿ ಸಲವೂ ಎಲ್ಲರೂ ಚಪ್ಪಾಳೆ ತಟ್ಟಿದರು. ತಾಳಕ್ಕೆಂದು ಓಡಿಸಿದ್ದ ಒಂದು ಯಂತ್ರದ ಸದ್ದಿನಲ್ಲಿ ಡೈರೆಕ್ಟರಿಗೆ ಮಾತು ಸರಿಯಾಗಿ ಕೇಳಿಸಲಿಲ್ಲ. ಕಿವಿಯ ಲಕ್ಷ್ಯವೆಲ್ಲ ದನಿಯ ಏರಿಳಿತ ತೋರಿಸುವ ಮುಳ್ಳಿನ ಮೇಲಿತ್ತು. ಕತ್ತರಿ ಅಂದು ಸ್ಟುಡಿಯೊದಲ್ಲಿ ಯಾರದೋ ಮದುವೆಯ ವಿಡಿಯೊ ಮುಗಿಸುತ್ತಿದ್ದಳು.

ಮರುದಿನ ಊಟದ ಬಿಡುವಿನಲ್ಲಿ ಅವಳು ಟೇಪು ಹಾಕಿದಳು. ಮೊದಲ ಟೇಕು ನೋಡಿ ಖುಷಿಯಾಯಿತು. ಎರಡನೆಯದು ಹಾಕಿದಳು. ಹುಬ್ಬು ಗಂಟಿಕ್ಕಿತು. ಮೂರು, ನಾಲ್ಕು, ಐದು. ಹನ್ನೊಂದನೆಯದೂ ಮುಗಿಯಿತು. ಹನ್ನೊಂದು ಟೇಕಿನಲ್ಲಿ ಹನ್ನೊಂದು ಬೇರೆ ಬೇರೆ ಹಾಡುಗಳಿದ್ದವು. ಒಂದೇ ಒಂದು ಸಾಲೂ ಎರಡು ಸಲ ಬಂದಿರಲಿಲ್ಲ.

ಸಂಜೆ ಅವನು ಬಂದಾಗ ಅವಳು ಬಾಗಿಲಲ್ಲೇ ಹಿಡಿದಳು. "ಏನೋ ಇದು? ಒಂದು ಟೇಕಲ್ಲಿ ಸೂರ್ಯ ಅಂತೀಯ, ಅದೇ ಜಾಗದಲ್ಲಿ ಇನ್ನೊಂದ್ರಲ್ಲಿ ಸೈಕಲ್ ಅಂತೀಯ. ನಾನು ಯಾವುದಕ್ಕೆ ಯಾವುದನ್ನ ಅಂಟಿಸಲಿ?"

ಅವನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು. "ಗಮನಿಸಿದ್ಯಾ? ನಾನು ಹೇಳಿದ ಸಾಲನ್ನ ಮತ್ತೆ ಹೇಳೋನಲ್ಲ ಗುರು. ಮೆಟ್ಟಿಲ ಮೇಲೆ ಯಾವನಾದ್ರೂ ಹೇಳಿದ್ದನ್ನೇ ಹೇಳಿದ್ರೆ ಕೂಗಿ ಕೆಳಗಿಳಿಸ್ತಾರೆ. ಅದು ಅವಮಾನ."

"ಇದು ಮೆಟ್ಟಿಲಲ್ಲ ಕಣೋ! ಸಿನಿಮಾ!"

"ಹಂಗಾದ್ರೆ ಒಂದೇ ಟೇಕು ಹಾಕ್ಕೋ."

"ಒಂದೇ ಟೇಕಲ್ಲಿ ಅರ್ಧ ಹೊತ್ತು ನೀನು ಚಾದರದ ಹಿಂದೆ ಇದೀಯ. ನಾಲ್ಕು ನಿಮಿಷ ಚಾದರ ತೋರಿಸ್ಲಾ ಜನಕ್ಕೆ?"

"ಚಾದರ ಚೆನ್ನಾಗಿದೆ," ಅಂದ ಅವನು.

ಮೆಟ್ಟಿಲ ಮೇಲೆ ಬೆಳೆದವರು ಮಾತ್ರ ಮಾಡಬಹುದಾದ ತಪ್ಪು ಅದು. ನಾಟಕದವನೊಬ್ಬ ಇದ್ದಿದ್ದರೆ, ವಾದ್ಯ ನುಡಿಸುವವನೊಬ್ಬ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಅವರ ಜಗತ್ತಿನಲ್ಲಿ ಬರೆದುಕೊಂಡು ಬರುವುದು ಕಳ್ಳತನಕ್ಕೆ ಸಮ, ಮತ್ತೆ ಹೇಳುವುದು ಸೋಲಿಗೆ ಸಮ. ಡೈರೆಕ್ಟರಿಗೂ ಇದು ಹೊಳೆದಿರಲಿಲ್ಲ. ಅವನೂ ಅದೇ ಮೆಟ್ಟಿಲಿನವನು. ಮತ್ತೆ ತೆಗೆಯೋಣವೆಂದರೆ ಸೋದರಮಾವ ಕ್ಯಾಮೆರಾ ಸಮೇತ ಬೇರೆ ಊರಿಗೆ ಹೊರಟುಹೋಗಿದ್ದ, ಲಾಂಡ್ರಿಯವರು ರಜೆಯ ದಿನವೂ ಪಾಳಿಯ ಮೇಲೆ ಯಂತ್ರ ಓಡಿಸಲು ಶುರುಮಾಡಿದ್ದರು.

ಕತ್ತರಿಗೆ ಇದು ಬರೀ ಸಿನಿಮಾದ ಪ್ರಶ್ನೆಯಾಗಿರಲಿಲ್ಲ. ಮೂವತ್ತು ವರ್ಷದಿಂದ ಚಿತ್ರ ಸಂಕಲನ ಮಾಡುತ್ತಿದ್ದ ಹಿರಿಯರೊಬ್ಬರಿದ್ದರು; ಎಲ್ಲರೂ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದರು. ಅವರ ಸಹಾಯಕಿ ಕೆಲಸ ಬಿಟ್ಟಿದ್ದಳು. ಕತ್ತರಿ ಧೈರ್ಯ ಮಾಡಿ ಹೋಗಿ ಕೇಳಿದಾಗ ಅವರು ತಲೆಯೆತ್ತದೆ, "ಮದುವೆ ವಿಡಿಯೊ ಬೇಡ. ನೀನಾಗಿ ಕತ್ತರಿಸಿದ್ದು ಏನಾದ್ರೂ ಇದ್ರೆ ತೋರಿಸು," ಎಂದಿದ್ದರು. ಎರಡು ತಿಂಗಳ ಬಳಿಕ ಸಾರ್ವಜನಿಕ ಗ್ರಂಥಾಲಯದ ಮಹಡಿಯಲ್ಲಿ ಹುಡುಗರೆಲ್ಲ ಸೇರಿ ತಾವೇ ಮಾಡಿದ ಸಿನಿಮಾಗಳನ್ನು ತೋರಿಸುವವರಿದ್ದರು. ಮೇಡಂ ಅಲ್ಲಿಗೆ ಬರಲು ಒಪ್ಪಿದ್ದರು. ತುಟಿ ಒಂದು ಹೇಳುತ್ತ ದನಿ ಇನ್ನೊಂದು ಹೇಳಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತಂತೆ. ಒಂದು ಪ್ರದರ್ಶನದ ನಡುವೆ "ಅಲ್ಲಿ ತುಟಿ ಜಾರಿದೆ" ಎಂದು ಗಟ್ಟಿಯಾಗಿ ಹೇಳಿ, ಚೀಲ ಎತ್ತಿಕೊಂಡು ಹೊರಟೇಬಿಟ್ಟರಂತೆ. ಕಿಟಕಿಯಿಲ್ಲದ ಆ ಕೋಣೆಯಿಂದ ಹೊರಬರಲು ಕತ್ತರಿಗಿದ್ದ ಬಾಗಿಲು ಅದೊಂದೇ. ಆ ಬಾಗಿಲಿಗೆ ಅಡ್ಡ ನಿಂತಿದ್ದುದು ವಟವಟನ ಬಾಯಿ.

ಉಳಿದ ದಾರಿ ಒಂದೇ. ಹನ್ನೊಂದು ಟೇಕುಗಳಿಂದ ಬೇಕಾದ ಚಿತ್ರಗಳನ್ನು ಆಯ್ದು ಜೋಡಿಸುವುದು. ಆಮೇಲೆ ಆ ತುಟಿಗಳ ಚಲನೆಗೆ ಹೊಂದುವ ಹೊಸ ಹಾಡನ್ನು ಬರೆದು ದನಿ ಕೂಡಿಸುವುದು. ಬಾಯಿ ಮೊದಲು, ಮಾತು ಆಮೇಲೆ.

"ಆಗಲ್ಲ," ಅಂದ ವಟವಟ.

"ಆಗತ್ತೆ. ಭಾನುವಾರ ಬೆಳಿಗ್ಗೆ ಬಾ. ಬರದಿದ್ರೆ ನಿಮ್ಮಮ್ಮನಿಗೆ ಹೇಳ್ತೀನಿ."

ಭಾನುವಾರ ಅವನು ಬಂದ. ಜೊತೆಗೆ ತಾಯಿಯೂ ಬಂದಳು, ತನ್ನನ್ನು ತಾನು ಪರದೆಯ ಮೇಲೆ ನೋಡುವ ಆಸೆಯಿಂದ. ಹಾಗೆಂದು ಒಪ್ಪಿಕೊಳ್ಳಲಿಲ್ಲ, ಈ ಕಡೆ ಏನೋ ಕೆಲಸವಿತ್ತು ಎಂದಳು. ಕತ್ತರಿ ಹನ್ನೊಂದು ಟೇಕುಗಳನ್ನೂ ಒಂದರ ಹಿಂದೊಂದು ಹಾಕಿದಳು. ವಟವಟ ಮೊದಲು ತೊಡೆ ತಟ್ಟಿಕೊಂಡು ನೋಡಿದ. ಐದನೆಯದರ ಹೊತ್ತಿಗೆ ಕೈ ನಿಂತಿತು. ಎಂಟನೆಯದರಲ್ಲಿ ಅವನು ಕುರ್ಚಿಯಲ್ಲಿ ಮಿಸುಕಾಡತೊಡಗಿದ. ಹನ್ನೊಂದನೆಯದು ಮುಗಿದಾಗ ಕತ್ತರಿ ಟೇಪು ನಿಲ್ಲಿಸಿದಳು.

"ಹನ್ನೊಂದು ಸಲಾನೂ ಬೇರೆ ಬೇರೆ ಹೇಳಿದೆ ಅಂತೀಯಲ್ಲೋ," ಅಂದಳು ತಾಯಿ. "ನಂಗೆ ಒಂದೇ ಕೇಳಿಸ್ತು. ನಾನು, ನಾನು, ನಾನು."

ಅಷ್ಟು ಹೇಳಿ ಎದ್ದು ಹೋದಳು. ಅವಳು ಅದನ್ನು ಬೈಗುಳವಾಗಿ ಹೇಳಿರಲಿಲ್ಲ. ಚಾದರದ ಮೇಲೆ ಕಲೆ ಉಳಿದಿದೆ ಎಂದು ತೋರಿಸುವ ಹಾಗೆ ತೋರಿಸಿದ್ದಳು, ಅಷ್ಟೆ. ವಟವಟ ಮೊದಲ ಬಾರಿಗೆ ಬಾಯಿಗೆ ಬೀಗ ಬಿದ್ದವನಂತೆ ಕೂತಿದ್ದನ್ನು ಕತ್ತರಿ ನೋಡಿದಳು. ಕನಿಕರಪಡುವ ಹೊತ್ತಲ್ಲವೆಂದು ಅವನ ಮುಂದೆ ಒಂದು ನೋಟ್‌ಬುಕ್ಕು, ಪೆನ್ನು ಇಟ್ಟಳು.

ಆರು ಭಾನುವಾರ ಅದೇ ಕೆಲಸ. ಕತ್ತರಿ ಚಿತ್ರವನ್ನು ನಿಧಾನಕ್ಕೆ ಓಡಿಸುವಳು. ಅವನು ತನ್ನ ತುಟಿಯನ್ನು ತಾನೇ ಪರಕೀಯನ ತುಟಿಯಂತೆ ನೋಡುವನು. ಪ, ಬ, ಮ ಎನ್ನಲು ತುಟಿ ಕೂಡಲೇಬೇಕು. ಉಳಿದ ಅಕ್ಷರಗಳಿಗೆ ಬೇಕಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಸಮನೆ ಮಾತಾಡಿದವನಿಗೆ ಇದು ಗೊತ್ತೇ ಇರಲಿಲ್ಲ. "ಅಯ್ಯೋ ಹೌದಲ್ಲ!" ಎಂದು ಕನ್ನಡಿಯ ಮುಂದೆ ನಿಂತು ಮಗುವಿನ ಹಾಗೆ ಪಪಪಪ, ಮಮಮಮ ಎಂದು ಹೇಳಿಕೊಂಡ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಸಲು ಕೂತಿದ್ದವರು ಎದ್ದು ಬಂದು ಇಣುಕಿದರು.

ತುಟಿ ಕೂಡುವಲ್ಲಿ ಕತ್ತರಿ ನೋಟ್‌ಬುಕ್ಕಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದಳು. ಚುಕ್ಕೆಗಳ ನಡುವೆ ಅವನು ಮಾತು ತುಂಬಬೇಕು. ಆ ಇಕ್ಕಟ್ಟಿನಲ್ಲಿ ಅವನ ಹಳೆಯ ಚಾಳಿಗಳೆಲ್ಲ ಸಿಕ್ಕಿಬಿದ್ದವು. ಮಾತು ಒಣಗಿದಾಗಲೆಲ್ಲ ತುರುಕುತ್ತಿದ್ದ 'ಹೇ ಕೇಳು', 'ಎಲ್ಲಾ ಏಳು', 'ನನ್ನ ಸರದಿ' ಎಂಬ ಸವಕಲು ಪದಗಳನ್ನು ಅವನೇ ಎಣಿಸಿ ಅವನೇ ಹೊಡೆದುಹಾಕಿದ. ಸವಾಲು ಹಾಕಲು ಎದುರಿಗೆ ಯಾರೂ ಇಲ್ಲದ ಮೇಲೆ ಹೇಳುವುದಕ್ಕೆ ಏನು ಉಳಿಯುತ್ತದೆ ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಲಾಂಡ್ರಿ. ಮುಂದೆ ಅವನು ಮೂರು ಆಲ್ಬಂ ಮಾಡಿದ; ಅವನ ಹಾಡುಗಳನ್ನು ಈಗ ಕಾಲೇಜು ಹುಡುಗರು ಬಸ್ಸಿನಲ್ಲಿ ಬಾಯಿಪಾಠ ಹೇಳುತ್ತಾರೆ. ಬರೆದುಕೊಂಡೇ ಹಾಡುತ್ತೇನೆ, ಅದರಲ್ಲಿ ನಾಚಿಕೆಯೇನು ಎಂದು ಅವನೀಗ ಸಂದರ್ಶನಗಳಲ್ಲಿ ಉಪದೇಶ ಮಾಡುತ್ತಾನೆ. ಅದನ್ನು ಕಲಿತದ್ದು ಫ್ಯಾನಿನ ಗಾಳಿ ತಾಗದ ಆ ಮೂಲೆಯಲ್ಲಿ ಎಂಬುದನ್ನು ಮಾತ್ರ ಎಲ್ಲೂ ಹೇಳುವುದಿಲ್ಲ.

ಆ ಭಾನುವಾರಗಳನ್ನು ಕತ್ತರಿ ಇಂದಿಗೂ ನೆನೆಯುವುದುಂಟು. ಕಿವಿ ತಂದ ಬನ್ನು ತಿನ್ನುತ್ತ, ನೀಲಿ ಪಟ್ಟಿ ಕಾಯುತ್ತ, ಡೈರೆಕ್ಟರ್ ತಾನು ಮುಂದೆ ಮಾಡಲಿರುವ ಹತ್ತು ಸಿನಿಮಾಗಳ ಕತೆ ಹೇಳುತ್ತಿದ್ದ. ಹತ್ತರಲ್ಲಿ ಒಂದೂ ಆಗಲಿಲ್ಲ. ಅವನೀಗ ಶಾಲೆಯಲ್ಲಿ ಗಣಿತ ಕಲಿಸುತ್ತಾನೆ, ಒಳ್ಳೆಯ ಮೇಷ್ಟ್ರೆಂದು ಹೆಸರಿದೆ. ಅಂದು ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಬನ್ನು ಅಷ್ಟು ರುಚಿಸುತ್ತಿರಲಿಲ್ಲವೇನೋ.

ಐದನೆಯ ಭಾನುವಾರ ವಟವಟ ಎರಡು ಸಾಲು ತಂದ. ಬಾಗಿಲು ದಾಟುವ ಮೊದಲೇ ಓದಿದ:

ಯಾರೋ ಮಲಗಿದ ಹಾಸಿಗೆ, ಯಾರದೋ ಕನಸಿನ ಕಲೆ,
ಒಗೆದು ಒಗೆದು ಬೆಳ್ಳಗಾಯ್ತು ನಮ್ಮ ಅಮ್ಮನ ತಲೆ.

ಕಿವಿ ಬಾಯಲ್ಲಿದ್ದ ಬನ್ನನ್ನು ಅಗಿಯುವುದು ಮರೆತ. ಕತ್ತರಿ ಚುಕ್ಕೆಗಳ ಪುಟ ತೆರೆದು ನೋಡಿದಳು. ಆ ಜಾಗಕ್ಕೆ ಅವಳು ಜೋಡಿಸಿದ್ದ ಚಿತ್ರ ಅವಳ ಕಣ್ಣಿಗೆ ಕಟ್ಟಿತ್ತು. ಪರದೆಯ ತುಂಬ ವಟವಟನ ಮುಖ; ಮೂಲ ಟೇಕಿನಲ್ಲಿ ಅವನು ಅಲ್ಲಿ ಹೇಳಿದ್ದು 'ಬಾ ಮಗಾ, ಬಾ ಮಗಾ' ಎಂದು. ತುಟಿ ಪಟಪಟನೆ ನಾಲ್ಕು ಸಲ ಕೂಡುತ್ತಿತ್ತು. 'ಒಗೆದು ಒಗೆದು' ಎನ್ನುವಲ್ಲಿ ತುಟಿ ಒಮ್ಮೆಯೂ ಕೂಡುವುದಿಲ್ಲ.

"ಚೆನ್ನಾಗಿದೆ," ಅಂದಳು. "ಆದ್ರೆ ಕೂರಲ್ಲ. ಅಲ್ಲಿ ನಾಲ್ಕು ಚುಕ್ಕೆ ಇದೆ."

"ಚಿತ್ರ ಬದಲಾಯಿಸು."

"ಬೇರೆ ಚಿತ್ರ ಇಲ್ಲ. ಉಳಿದ ಟೇಕಲ್ಲೆಲ್ಲ ಆ ಹೊತ್ತಿಗೆ ನೀನು ಚಾದರದ ಹಿಂದೆ. ಅಮ್ಮನ ಕೈ ತೋರಿಸೋಣ ಅಂದ್ರೆ ಅದನ್ನ ಇವನು ಮಸುಕಾಗಿ ತೆಗ್ದಿದಾನೆ." ಡೈರೆಕ್ಟರ್ ಕನ್ನಡಕ ಒರೆಸಿಕೊಂಡ. ಕತ್ತರಿ ವಟವಟನತ್ತ ತಿರುಗಿದಳು. "ನೀನು ಪದ ಬದಲಾಯಿಸು. 'ಬಟ್ಟೆ ಬಟ್ಟೆ ಬಿಳಿ ಮಾಡಿ ಬೆಳ್ಳಗಾಯ್ತು ತಲೆ.' ನೋಡು, ಸರಿಯಾಗಿ ಕೂರತ್ತೆ."

"ಅದು ಸೋಪಿನ ಜಾಹೀರಾತು."

"ಮೂರೇ ಮೂರು ಸೆಕೆಂಡು ಕಣೋ!"

"ಆ ಮೂರು ಸೆಕೆಂಡಿಗೋಸ್ಕರಾನೇ ಐದು ವಾರದಿಂದ ಇಲ್ಲಿ ಬೇಯ್ತಾ ಇದೀನಿ. ಆಗಲ್ಲ ಅಂದ್ರೆ ಆಗಲ್ಲ."

"ಮೇಡಂ ಬರ್ತಾರೆ. ಅವರು ನೋಡೋದೇ ಅದನ್ನ. ಅಲ್ಲಿ ತುಟಿ ಜಾರಿದೆ ಅಂತ ಅಂದು ಎದ್ದು ಹೋದ್ರೆ ನಾನು ಸಾಯೋವರೆಗೂ ಇಲ್ಲೇ ಕೂತು ಮದುವೆ ಕತ್ತರಿಸ್ತಾ ಇರ್ಬೇಕು. ಗೊತ್ತಾ ನಿಂಗೆ?"

ವಟವಟ ಅವಳ ಕಡೆ ನೋಡುತ್ತಿರಲಿಲ್ಲ. ತುಟಿ ಅಲುಗುತ್ತಿತ್ತು, ಆ ಎರಡು ಸಾಲುಗಳನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ. ಹೇಳಿದ್ದನ್ನು ಮತ್ತೆ ಹೇಳದವನು ಈಗ ನಿಲ್ಲಿಸಲಾರದೆ ಹೇಳುತ್ತಿದ್ದ. ಗೋಡೆಗೆ ಹೇಳಿದಂತಾಯಿತು ಎಂದುಕೊಂಡು ಕತ್ತರಿ ಪರದೆಯತ್ತ ತಿರುಗಿದಳು.

ಆರನೆಯ ಭಾನುವಾರ ಗೋಡೆಗೆ ರಜಾಯಿ ತೂಗುಹಾಕಿ ದನಿ ಮುದ್ರಿಸಿದರು. ಅವನು ತನ್ನ ಸಾಲನ್ನೇ ಹಾಡಿದ. ಕತ್ತರಿ ನಾಲ್ಕು ದಿನ ಒದ್ದಾಡಿದಳು. ಚಿತ್ರವನ್ನು ಕೂದಲೆಳೆಯಷ್ಟು ಹಿಂದೆ ಸರಿಸಿದಳು, ಮುಂದೆ ಸರಿಸಿದಳು, ನಿಧಾನ ಮಾಡಿದಳು. ತುಟಿ ಮೊಂಡು ಹಿಡಿದ ಮಗುವಿನಂತೆ ಕೂಡುತ್ತಲೇ ಇತ್ತು. ಉಳಿದ ಹಾಡು ಹಾಲಿನಂತೆ ಹರಿದಿತ್ತು. ಆ ಮೂರು ಸೆಕೆಂಡು ಮಾತ್ರ ಹಾಲಿನೊಳಗಿನ ಕಲ್ಲು.

ಪ್ರದರ್ಶನದ ದಿನ ಗ್ರಂಥಾಲಯದ ಮಹಡಿ ತುಂಬಿತ್ತು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿ ಮಧ್ಯಾಹ್ನವನ್ನು ಹೊರಗಿಟ್ಟಿದ್ದರು. ಗೋಡೆಯ ಮೇಲೆ ಬಿಳಿ ಬಟ್ಟೆ, ಅದರ ಮುಂದೆ ಕಬ್ಬಿಣದ ಮಡಚು ಕುರ್ಚಿಗಳ ಎಂಟು ಸಾಲು. ಮೆಟ್ಟಿಲಿನ ಗುಂಪು ಪೂರ್ತಿ ಬಂದಿತ್ತು. ಲಾಂಡ್ರಿಯ ಹೆಂಗಸರು ಐದಾರು ಮಂದಿ ತೊಳೆದ ಮುಖದಲ್ಲಿ ಒಂದೇ ಸಾಲಿನಲ್ಲಿ ಕೂತಿದ್ದರು, ನಡುವೆ ತಾಯಿ. ಮೇಡಂ ನಾಲ್ಕನೆಯ ಸಾಲಿನ ತುದಿಯಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ಚೀಲ ಕೆಳಗಿಡದಿರುವುದು ಕತ್ತರಿಗೆ ಅಪಶಕುನದಂತೆ ಕಂಡಿತು. ಮುಂದಿನ ಸಾಲಿನಲ್ಲಿ ವಟವಟನಿಗೆಂದು ಜಾಗ ಹಿಡಿದಿಟ್ಟಿದ್ದರು. ಅವನು ಬೇಡವೆಂದು ಕಟ್ಟಕಡೆಯ ಸಾಲಿಗೆ ಹೋಗಿ ಕೂತ. ಅಲ್ಲಿಂದ ಎಲ್ಲರ ತಲೆ ಕಾಣಿಸುತ್ತದೆ, ತನ್ನನ್ನು ನೋಡಿ ಯಾರ್‍ಯಾರು ತಲೆದೂಗುತ್ತಾರೆಂದು ಎಣಿಸಬಹುದು ಎಂದು ಕತ್ತರಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಸಿನಿಮಾ ಶುರುವಾಯಿತು. ಜನ ನಗಬೇಕಾದಲ್ಲಿ ನಕ್ಕರು. ಹಾಡು ಬಂತು. ಯಂತ್ರದ ಧಗ್ ಧಗಾ ಧಗ್ ಮಹಡಿಯನ್ನೆಲ್ಲ ತುಂಬಿತು. ಚಾದರ ಗಾಳಿ ಹಿಡಿದು ಉಬ್ಬಿತು. ಮೇಡಂ ಕೊರಳು ಸ್ವಲ್ಪ ಮುಂದೆ ಚಾಚಿದ್ದನ್ನು ಕತ್ತರಿ ಗೋಡೆಗೊರಗಿ ನಿಂತಲ್ಲಿಂದಲೇ ಕಂಡಳು. ಒಂದೊಂದು ಬೆಸುಗೆಯೂ ಸಲೀಸಾಗಿ ದಾಟುತ್ತ ಬಂತು. ಯಾರೋ ಮಲಗಿದ ಹಾಸಿಗೆ ಎಂದಾಗ ಅವಳು ನೋಡಲಾರದೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

ಧಡಾರ್!

ಕಬ್ಬಿಣ ನೆಲಕ್ಕೆ ಬಡಿದ ಸದ್ದಿಗೆ ಇಡೀ ಮಹಡಿ ಬೆಚ್ಚಿಬಿತ್ತು. ಕತ್ತರಿ ಕಣ್ಣು ಬಿಟ್ಟಾಗ ಎಂಟು ಸಾಲಿನ ತಲೆಗಳೂ ಹಿಂದಕ್ಕೆ ತಿರುಗಿದ್ದವು, ಮೇಡಂ ಅವರದೂ. ಕೊನೆಯ ಸಾಲಿನಲ್ಲಿ ವಟವಟ ನಿಂತಿದ್ದ. ಅವನ ಕುರ್ಚಿ ಮಡಚಿಕೊಂಡು ನೆಲದ ಮೇಲೆ ಬಿದ್ದಿತ್ತು.

"ಯಾವನಯ್ಯ ಅದು!"

"ಸುಮ್ನೆ ಕೂತ್ಕೊಳ್ಳಪ್ಪ!"

"ಕುರ್ಚಿ ಲಡಾಸು ಸಾರ್, ನಾನೇನು ಮಾಡ್ಲಿ," ಎಂದು ಅವನು ಇನ್ನೂ ನಾಲ್ಕು ಮಂದಿ ತಿರುಗುವಷ್ಟು ಗಟ್ಟಿಯಾಗಿ ಹೇಳಿದ.

"ಥೂ, ನಿನ್ನ," ಅಂದಳು ಲಾಂಡ್ರಿ ಸಾಲಿನಿಂದ ಅವನ ತಾಯಿ.

ತಲೆಗಳು ಪರದೆಯತ್ತ ಮರಳುವ ಹೊತ್ತಿಗೆ ಹಾಡು ಮುಂದಿನ ಚಿತ್ರಕ್ಕೆ ದಾಟಿತ್ತು. ಕತ್ತರಿಗೆ ಬದುಕಿಕೊಂಡೆ ಎಂಬ ನಿರಾಳದ ಜೊತೆಜೊತೆಗೇ ಸಿಟ್ಟು ನೆತ್ತಿಗೇರಿತು. ತನ್ನದೇ ಸಿನಿಮಾ, ತನ್ನದೇ ಹಾಡು. ಆಗಲೂ ನಾಲ್ಕು ನಿಮಿಷ ಸದ್ದು ಮಾಡದೆ ಕೂರಲಾಗದ ಪ್ರಾಣಿ! ಪರದೆಯ ಮೇಲೆ ತಾನಿರುವುದು ಸಾಲದೆಂದು ಹಿಂದಿನ ಸಾಲಿನಲ್ಲೂ ಜನ ತನ್ನನ್ನೇ ನೋಡಬೇಕು ಅವನಿಗೆ.

ದೀಪ ಹತ್ತಿದಾಗ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಮೇಡಂ ಎದ್ದು ನೇರ ಕತ್ತರಿಯ ಬಳಿಗೆ ಬಂದರು.

"ಹಾಡು ನೀನೇ ಕತ್ತರಿಸಿದ್ದಾ?"

"ಹೌದು ಮೇಡಂ."

"ಒಂದೇ ಹಾಡನ್ನ ಹಲವು ಸಲ ತೆಗೆದು ಕೂಡಿಸಿದ್ದು?"

"ಹಲವು ಸಲ ತೆಗೆದದ್ದು ಮೇಡಂ," ಎಂದಳು. ಅದು ಸುಳ್ಳಲ್ಲ.

"ನಡುವೆ ಆ ಮೂರ್ಖ ಕುರ್ಚಿ ಬೀಳಿಸಿದ. ಉಳಿದದ್ದು ನೋಡಿದೆ. ಸೋಮವಾರ ಒಂಬತ್ತಕ್ಕೆ ಬಾ. ಒಂಬತ್ತೂ ಹತ್ತಕ್ಕೆ ಬಂದ್ರೆ ಹಾಗೇ ವಾಪಸ್ ಹೋಗು." ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದರು.

ಜನ ಕರಗಿದರು. ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿಟ್ಟು ಹೋಗಬೇಕೆಂದು ಗ್ರಂಥಾಲಯದವರ ಷರತ್ತು. ಕತ್ತರಿ ಇನ್ನೂ ನೆಲಕ್ಕೆ ಕಾಲು ತಾಗದವಳಂತೆ ಮೊದಲ ಸಾಲಿನ ಒಂದು ಕುರ್ಚಿಯನ್ನು ಎಳೆದಳು, ಅದು ಮಡಚಿಕೊಳ್ಳಲಿಲ್ಲ. ಮಂಡಿಯಿಂದ ನೂಕಿದಳು, ಆಗಲೂ ಇಲ್ಲ.

"ಹಂಗಲ್ಲ," ಅಂದ ಕಿವಿ, ವೈರು ಸುತ್ತುತ್ತ. "ಹಿಂದೆ ಕೊಂಡಿ ಇದೆ ನೋಡು. ಒಂದು ಕೈಯಲ್ಲಿ ಅದನ್ನ ಎತ್ತು, ಇನ್ನೊಂದ್ರಲ್ಲಿ ಸೀಟು ಒತ್ತು. ಬೆಳಿಗ್ಗೆ ಅದರಲ್ಲಿ ನನ್ನ ಬೆರಳೇ ಹೋಗಿತ್ತು." ಆಮೇಲೆ ಸಂಕಟದಿಂದ ಸೇರಿಸಿದ: "ಆ ಪುಣ್ಯಾತ್ಮ ಬೀಳಿಸೋದು ಬೀಳಿಸಿದ, ಸರಿಯಾಗಿ 'ಒಗೆದು' ಅನ್ನೋ ಹೊತ್ತಿಗೇ ಬೀಳಿಸ್ಬೇಕಾ? ಇಡೀ ಹಾಡಲ್ಲಿ ಅದೊಂದು ಸಾಲು! ಯಾರಿಗೂ ಕೇಳಿಸ್ಲಿಲ್ಲ. ಅವರಮ್ಮನಿಗೂ ಕೇಳಿಸ್ಲಿಲ್ಲ."

ಕತ್ತರಿಯ ಕೈ ಕುರ್ಚಿಯ ಮೇಲೆ ಹಾಗೇ ನಿಂತಿತು.

ಅವಳು ಸಾಲುಗಳ ನಡುವೆ ಹಾದು ಕಟ್ಟಕಡೆಯ ಸಾಲಿಗೆ ಹೋದಳು. ಅವನು ಕೂತಿದ್ದ ಕುರ್ಚಿ ಈಗ ಬಿಡಿಸಿಕೊಂಡು ನಿಂತಿತ್ತು. ಅದರ ಮೇಲೆ ಕೂತಳು. ಎಡಕ್ಕೆ ಬಲಕ್ಕೆ ಅಲುಗಾಡಿದಳು. ದಡಕ್ಕನೆ ಎದ್ದಳು. ಕುರ್ಚಿ ಕದಲಲಿಲ್ಲ. ಹಿಂದಿನಿಂದ ಒದ್ದಳು, ಎರಡು ಅಂಗುಲ ಜರುಗಿತೇ ಹೊರತು ಮಡಚಲಿಲ್ಲ. ಆಮೇಲೆ ಬಗ್ಗಿ, ಒಂದು ಕೈಯಿಂದ ಕೊಂಡಿ ಎತ್ತಿ, ಇನ್ನೊಂದು ಕೈಯಿಂದ ಸೀಟನ್ನು ಒತ್ತಿ, ಬಿಟ್ಟಳು.

ಧಡಾರ್!

ಬಾಗಿಲ ಬಳಿ ಮೆಟ್ಟಿಲಿನ ನಾಲ್ಕಾರು ಹುಡುಗರನ್ನು ಕಟ್ಟಿಕೊಂಡು, ಈ ಸಿನಿಮಾವನ್ನು ತಾನು ಹೇಗೆ ಒಬ್ಬನೇ ದಡ ಮುಟ್ಟಿಸಿದೆನೆಂದು ಹೇಳುತ್ತಿದ್ದ ವಟವಟ ಸರಕ್ಕನೆ ತಿರುಗಿದ. ಖಾಲಿ ಸಾಲುಗಳ ಆಚೆಯಿಂದ ಕತ್ತರಿ ಅವನನ್ನೇ ನೋಡುತ್ತಿದ್ದಳು. ಅವನು ನೆಲದ ಮೇಲೆ ಬಿದ್ದ ಕುರ್ಚಿಯನ್ನು ನೋಡಿದ, ಅವಳನ್ನು ನೋಡಿದ.

"ನಾನು ಹೇಳ್ಲಿಲ್ವಾ," ಅಂದ. "ಲಡಾಸು ಕುರ್ಚಿ."

ಹಾಗೆಂದು ಹುಡುಗರತ್ತ ತಿರುಗಿ, ಎಲ್ಲಿಗೆ ನಿಲ್ಲಿಸಿದ್ದೆ ಎಂದು ಅವರನ್ನೇ ಕೇಳಿಕೊಂಡು, ತನ್ನ ವಿಷಯವನ್ನು ಮುಂದುವರಿಸಿದ.